ಆರ್ವಿಲ್ ಕಟ್ಟಿದ ಚೀಲ

ಕೋಲ್ಬಿ ಲ್ಯಾಂಡಿಂಗಿನ ಬೇಸ್‌ಬಾಲ್ ಮೈದಾನದಲ್ಲಿ ಮೂವತ್ತನಾಲ್ಕು ವರ್ಷದಿಂದ ಹುಡುಗರ ಬಟ್ಟೆ ಒಗೆದು, ಶೂಗಳ ಕೆಸರು ಕೆರೆದು, ಅವರು ಬಿಟ್ಟುಹೋಗುವ ದಿನ ಚೀಲ ಕಟ್ಟಿಕೊಡುವವನು ಆರ್ವಿಲ್ ಹ್ಯಾಸ್ಕೆಟ್. ನಾನು ಅದೇ ತಂಡದ ಬಸ್ಸು ಓಡಿಸುವವಳು. ಹೆಸರು ಬರ್ನೀಸ್. ಅವನ ಬಗ್ಗೆ ನನಗಿಂತ ಚೆನ್ನಾಗಿ ಬರೆಯುವವರು ಊರಲ್ಲಿ ಇದ್ದಾರು. ಆದರೆ ಅವರು ಯಾರೂ ಬರೆಯುವುದಿಲ್ಲ ಎಂದು ಗೊತ್ತಿರುವುದರಿಂದ ನಾನೇ ಕೂತಿದ್ದೇನೆ.

ನಮ್ಮದು ಚಿಕ್ಕ ತಂಡ. ಮಹಾನಗರದ ಒಂದು ದೊಡ್ಡ ತಂಡ ತನ್ನ ಎಳೆಯ ಹುಡುಗರನ್ನು ಪಳಗಲಿ ಎಂದು ಇಲ್ಲಿಗೆ ಕಳಿಸುತ್ತದೆ. ಹತ್ತೊಂಬತ್ತು, ಇಪ್ಪತ್ತು ವರ್ಷದವರು. ಪಳಗಿದವರು ಮೇಲಕ್ಕೆ ಹೋಗುತ್ತಾರೆ, ಪಳಗದವರು ಮನೆಗೆ ಹೋಗುತ್ತಾರೆ, ಇನ್ನು ಕೆಲವರು ಬದಲಿಗೆ ಹೋಗುತ್ತಾರೆ. ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳಲು ಜುಲೈ ಕೊನೆಯವರೆಗೆ ಮಾತ್ರ ಅವಕಾಶ. ಆ ದಿನ ಹತ್ತಿರ ಬಂದಂತೆಲ್ಲ ಯಜಮಾನರಿಗೆ ಈ ವರ್ಷವೇ ಗೆದ್ದುಬಿಡಬೇಕೆಂಬ ಹುಚ್ಚು ಹತ್ತುತ್ತದೆ. ಇಪ್ಪತ್ತರ ಇಬ್ಬರನ್ನು ಕೊಟ್ಟು ಮೂವತ್ತೆಂಟರ ಒಬ್ಬನನ್ನು ತರುತ್ತಾರೆ. ಅವನು ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಬಂದು, ಎರಡು ತಿಂಗಳು ಚೆಂಡು ಎಸೆದು, ಮನೆಗೆ ಹೋಗಿ ಮೀನು ಹಿಡಿಯುತ್ತಾನೆ. ಬಿತ್ತನೆ ಬೀಜ ಕುಟ್ಟಿ ರೊಟ್ಟಿ ಸುಡುವ ಬುದ್ಧಿ ಇದು. ನಾನು ಹೀಗೆ ಬೈದಾಗಲೆಲ್ಲ ಆರ್ವಿಲ್ ಟವೆಲ್ ಮಡಿಸುತ್ತ ಒಂದೇ ಮಾತು ಹೇಳುತ್ತಿದ್ದ.

"ಹಸಿದೋರು ತಿಂತಾರೆ ಬಿಡು ಬರ್ನಿ. ನಿನಗ್ಯಾಕೆ ಹೊಟ್ಟೆನೋವು?"

ಅವನಿಗೆ ಹೊಟ್ಟೆನೋವು ಇರಲಿಲ್ಲ. ಇದ್ದದ್ದೆಲ್ಲ ಅವನ ಇಪ್ಪತ್ತಮೂರನೇ ವಯಸ್ಸಿಗೇ ಮುಗಿದಿತ್ತು ಅನ್ನಿಸುತ್ತದೆ. ಅವನೂ ಆಟಗಾರನಾಗಿದ್ದವನೇ. ಅವನಿದ್ದ ದಕ್ಷಿಣದ ಯಾವುದೋ ತಂಡ ಒಬ್ಬ ಹಳೆಯ ಹುಲಿಯನ್ನು ಕೊಳ್ಳಲು ಇಬ್ಬರು ಹುಡುಗರನ್ನು ಕೊಟ್ಟಿತು. ಅದೂ ಸಾಲದೆಂದು ಮೂರನೆಯವನೊಬ್ಬನನ್ನೂ ಕೊಡುತ್ತೇವೆ, ಹೆಸರು ಆಮೇಲೆ ಹೇಳುತ್ತೇವೆ ಎಂದು ಒಪ್ಪಿಕೊಂಡಿತು. ಹಾಗೆ ಮಾಡುವ ಪದ್ಧತಿ ಈಗಲೂ ಇದೆ. ಮೂರು ತಿಂಗಳಾದ ಮೇಲೆ ಹೇಳಿದ ಹೆಸರು ಆರ್ವಿಲನದು. ಪತ್ರಿಕೆಯಲ್ಲಿ ಅದು ಬರಲೂ ಇಲ್ಲ. ಅವನ ಸಾಮಾನನ್ನೆಲ್ಲ ಯಾರೋ ಕಸದ ಚೀಲಕ್ಕೆ ತುಂಬಿ ಬಾಗಿಲ ಹೊರಗೆ ಇಟ್ಟಿದ್ದರಂತೆ. ಅದನ್ನೇ ಹೊತ್ತುಕೊಂಡು ಅವನು ಕೋಲ್ಬಿ ಲ್ಯಾಂಡಿಂಗಿಗೆ ಬಂದ. ಮುಂದಿನ ವಸಂತಕ್ಕೆ ಇಲ್ಲಿಂದಲೂ ತೆಗೆದುಹಾಕಿದರು. ಊರಿಗೆ ಹೋಗಲು ಮುಖವಿಲ್ಲದೆ ಸುಣ್ಣದ ಗೆರೆ ಎಳೆಯುವ ಕೆಲಸಕ್ಕೆ ಸೇರಿ, ಕೆಲವು ವರ್ಷ ಮೈದಾನದ ಹುಲ್ಲು ಕತ್ತರಿಸಿ, ಕೊನೆಗೆ ಬಟ್ಟೆಮನೆಗೆ ಬಂದ.

ಕಸದ ಚೀಲದ ಆ ಕಥೆಯನ್ನು ಅವನು ನನಗೆ ಒಂದೇ ಸಲ ಹೇಳಿದ್ದು. ಆದರೆ ಅವನು ಚೀಲ ಕಟ್ಟುವುದನ್ನು ನೋಡಿದವರಿಗೆ ಬೇರೆ ಹೇಳಬೇಕಾಗಿಲ್ಲ. ಶೂ ತಳದಲ್ಲಿ, ಒದ್ದೆ ಬಟ್ಟೆ ಪ್ಲಾಸ್ಟಿಕ್ಕಿನಲ್ಲಿ, ಕೈಗವಸಿನೊಳಗೆ ಒಂದು ಚೆಂಡು ಇಟ್ಟು ದಾರ ಬಿಗಿದು, ಅಮ್ಮನ ಫೋಟೋ ಇದ್ದರೆ ಎರಡು ಅಂಗಿಗಳ ನಡುವೆ. ತಂಡದ ಸ್ವತ್ತು ಬೇರೆ ಎತ್ತಿಡಬೇಕು. ಜೆರ್ಸಿ, ಪ್ಯಾಂಟು, ಜಾಕೆಟ್ಟು, ಟೋಪಿ ತಂಡದವು. ಬದಲಿಗೆ ಹೋಗುವವನು ಅವನ್ನು ಒಯ್ಯುವಂತಿಲ್ಲ. ಕೊನೆಗೆ ಲಾಕರಿನ ಮೇಲೆ ತಾನೇ ಬರೆದು ಅಂಟಿಸಿದ್ದ ಬಿಳಿ ಅಂಟುಬಟ್ಟೆಯ ಹೆಸರುಪಟ್ಟಿ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಾನೆ. ಮ್ಯಾನೇಜರ್ ಕೋಣೆಯಿಂದ ಹುಡುಗ ಹೊರಬರುವಷ್ಟರಲ್ಲಿ ಚೀಲ ಬಾಗಿಲ ಬಳಿ ಸಿದ್ಧವಾಗಿರಬೇಕು. ಅದು ಅವನ ಹೆಮ್ಮೆ. ಹುಡುಗನ ಮುಖ ನೋಡುತ್ತಿರಲಿಲ್ಲ. ಚೀಲದ ಜಿಪ್ಪನ್ನು ನೋಡುತ್ತ ಎರಡು ವಾಕ್ಯ ಹೇಳುತ್ತಿದ್ದ.

"ಒಳ್ಳೇದಾಯ್ತು ಮರಿ, ನೀನು ಯಾರಿಗೋ ಬೇಕಾಗಿದ್ದೀಯ. ಅಲ್ಲಿ ಊಟಾನೂ ಇಲ್ಲಿಗಿಂತ ಚೆನ್ನಾಗಿರುತ್ತೆ."

ಎಲ್ಲರಿಗೂ ಇದೇ. ಎಲ್ಲರೂ ಅವನಿಗೆ ಮರಿ. ಹೆಸರುಗಳನ್ನು ಬರೆಯುತ್ತಿದ್ದನೇ ಹೊರತು ಬಾಯಲ್ಲಿ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಒಮ್ಮೆ ಕೆಣಕಿದೆ: "ಮುದುಕಾ, ಇಷ್ಟು ವರ್ಷದಲ್ಲಿ ಒಬ್ಬನ ಹೆಸರೂ ನಾಲಿಗೆ ಮೇಲೆ ನಿಲ್ಲಲಿಲ್ವಾ?"

"ಹೋಗೋ ಬಸ್ಸಿಗೆ ಹೆಸರಿಟ್ಟು ಏನ್ಮಾಡ್ತೀಯ?" ಎಂದ.

ನನ್ನ ಬಸ್ಸಿಗೆ ನಾನು ಹೆಸರಿಟ್ಟಿದ್ದೇನೆ. ಅದು ಬೇರೆ ಮಾತು.

ಹೋದ ವರ್ಷ ಜುಲೈ ಇಪ್ಪತ್ತೆಂಟು. ಊರಿನಲ್ಲೇ ಪಂದ್ಯ, ನಾಲ್ಕನೇ ಇನ್ನಿಂಗ್ಸು ನಡೆಯುತ್ತಿತ್ತು. ಮೂರನೇ ಬೇಸ್ ಕಾಯುತ್ತಿದ್ದ ಎಮೆಟ್ ಸೊಬೋಟ್ಕನನ್ನು ಮ್ಯಾನೇಜರ್ ಡಾಯ್ಲ್ ಪೆಟ್ರಿ ಇದ್ದಕ್ಕಿದ್ದಂತೆ ಮೈದಾನದಿಂದ ವಾಪಸ್ ಕರೆಸಿದ. ಎಮೆಟ್ ನೆಬ್ರಾಸ್ಕದ ಜೋಳದ ಹೊಲಗಳ ನಡುವಿಂದ ಬಂದ ಇಪ್ಪತ್ತರ ಹುಡುಗ, ಆ ವರ್ಷ ನಮ್ಮಲ್ಲಿದ್ದವರಲ್ಲಿ ಎಲ್ಲರಿಗಿಂತ ಒಳ್ಳೆಯ ಆಟಗಾರ. ಪೆಟ್ಟಿಲ್ಲ, ಗಾಯವಿಲ್ಲ, ಜುಲೈ ಕೊನೆಯ ವಾರ, ಆಟದ ಮಧ್ಯೆ ಕರೆಸಿದರು ಎಂದರೆ ಅರ್ಥ ಒಂದೇ: ಹುಡುಗ ಬದಲಿಗೆ ಹೋದ. ಆ ಹೊತ್ತಿಗೆ ಬೆಂಚಿನಲ್ಲಿದ್ದವರೆಲ್ಲ ಎದ್ದು ಅವನನ್ನು ಒಬ್ಬೊಬ್ಬರಾಗಿ ತಬ್ಬಿಕೊಳ್ಳುವುದು ರೂಢಿ. ಎಮೆಟ್‌ನನ್ನೂ ತಬ್ಬಿಕೊಂಡರು, ಬೆನ್ನಿಗೆ ಗುದ್ದಿದರು.

"ನಮ್ಮನ್ನ ಮರೀಬೇಡ ಕಣೋ, ದೊಡ್ಡ ಮನುಷ್ಯ ಆದ್ಮೇಲೆ!"

"ಯಾವ ಮುದುಕನಿಗೆ ಮಾರಿದ್ರಂತೆ ನಿನ್ನ?"

ಅವನೂ ಹಾಗೆಯೇ ತಿಳಿದಿದ್ದ. ಅರ್ಧ ನಗುತ್ತ, ಅರ್ಧ ಹೆದರಿ, ಪೆಟ್ರಿಯ ಕೋಣೆಗೆ ಹೋದ. ಆರ್ವಿಲ್ ಆಗಲೇ ಲಾಕರಿನ ಮುಂದೆ ಮಂಡಿಯೂರಿದ್ದ. ನಾನು ಐಸ್ ಡಬ್ಬಿ ಹಿಂದಿರುಗಿಸಲು ಅಲ್ಲಿಗೆ ಹೋಗಿದ್ದೆ, ಬಾಗಿಲಲ್ಲೇ ನಿಂತಿದ್ದೆ. ಹಾಗಾಗಿ ಮುಂದಿನದನ್ನು ನನ್ನ ಕಿವಿಯಾರೆ ಕೇಳಿದ್ದೇನೆ.

ಹುಡುಗ ಹೊರಬಂದ. ಆರ್ವಿಲ್ ಅವನ ಜೆರ್ಸಿ, ಟೋಪಿ ಈಸಿಕೊಂಡು ಪಕ್ಕಕ್ಕಿಟ್ಟು, ಜಿಪ್ ಎಳೆದು, ಹೇಳಿದ: "ಒಳ್ಳೇದಾಯ್ತು ಮರಿ, ನೀನು ಯಾರಿಗೋ ಬೇಕಾಗಿದ್ದೀಯ."

"ಅಜ್ಜಾ, ನಮ್ಮಪ್ಪ ಹೋಗ್ಬಿಟ್ರು," ಎಂದ ಹುಡುಗ.

"ಅಲ್ಲಿ ಊಟಾನೂ ಇಲ್ಲಿಗಿಂತ ಚೆನ್ನಾಗಿರುತ್ತೆ," ಎಂದ ಆರ್ವಿಲ್.

ಅವನು ಕ್ರೂರಿಯಲ್ಲ. ಕೇಳಿಸಿಕೊಂಡಿರಲಿಲ್ಲ, ಅಷ್ಟೇ. ಕೇಳಿಸಿಕೊಳ್ಳುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಹುಡುಗ ಇನ್ನೊಮ್ಮೆ ಹೇಳಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ನನ್ನ ಪಕ್ಕದಿಂದಲೇ ಹಾದು ಹೋದ. ಬದಲಿ ಅಲ್ಲ, ಏನೂ ಅಲ್ಲ. ಧಾನ್ಯದ ಲಾರಿ ಓಡಿಸುತ್ತಿದ್ದ ಅವನಪ್ಪ ಮಧ್ಯಾಹ್ನ ಎದೆ ಹಿಡಿದುಕೊಂಡು ಬಿದ್ದಿದ್ದ.

ನಾನು ಬಾಗಿಲು ಮುಚ್ಚಿ ಆರ್ವಿಲನ ಮೇಲೆ ಕೂಗಾಡಿದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಅವನು ಲಾಕರಿನ ಮುಂದೆ ಕೂತೇ ಇದ್ದ. ಜೇಬಿನಿಂದ ಹೆಸರುಪಟ್ಟಿ ತೆಗೆದು ಮೊದಲಿನ ಜಾಗಕ್ಕೇ ಅಂಟಿಸಲು ನೋಡಿದ. ಒಮ್ಮೆ ಕಿತ್ತದ್ದು ಮರದ ಮೇಲೆ ಮತ್ತೆ ನಿಲ್ಲಲಿಲ್ಲ, ಬಿತ್ತು. ಹೊಸ ಪಟ್ಟಿ ಕತ್ತರಿಸಿ ಸೊಬೋಟ್ಕ ಎಂದು ಬರೆದು ಅಂಟಿಸಿದ. ಒಬ್ಬನ ಹೆಸರನ್ನು ಒಂದೇ ಋತುವಿನಲ್ಲಿ ಎರಡು ಸಲ ಬರೆದದ್ದು ಅದೇ ಮೊದಲು.

"ಐದು ದಿನಕ್ಕೆ ವಾಪಸ್ ಬರ್ತಾನಂತೆ. ಬಂದ ಮೇಲೆ ಹೇಳ್ತೀನಿ," ಎಂದ.

"ಏನಂತ?"

"ಗೊತ್ತಿಲ್ಲ."

ಎರಡು ದಿನ ಕಳೆದ ಮೇಲೆ ಮಧ್ಯಾಹ್ನ ಬಟ್ಟೆಮನೆಯ ಫೋನು ಬಡಿದುಕೊಂಡಿತು. ಎಮೆಟ್. ಅಲ್ಲೇ ಇದ್ದ ನನಗೂ ಕೇಳಿಸಿದ ಆ ದನಿಯಲ್ಲಿ ಸಿಟ್ಟಿರಲಿಲ್ಲ, ಏನೂ ಇರಲಿಲ್ಲ.

"ಅಜ್ಜಾ, ಚೀಲದಲ್ಲಿ ನನ್ನ ಟೋಪಿ ಇಲ್ಲ."

"ಟೋಪಿ ತಂಡದ್ದು ಮರಿ. ನಾನು ತೆಗೆದಿಟ್ಟೆ."

"ಅಪ್ಪ ಒಂದು ಟೋಪಿ ತಂದ್ಕೊಡು ಅಂತ ಏಪ್ರಿಲಿನಿಂದ ಕೇಳ್ತಿದ್ರು. ಸೀಸನ್ ಮುಗಿದ ಮೇಲೆ ಕದ್ದು ತರ್ತೀನಿ ಅಂದಿದ್ದೆ. ಈಗ ಅಮ್ಮ ಶವಪೆಟ್ಟಿಗೇಲಿ ಅವರ ಕೈಗೆ ಅದನ್ನೇ ಕೊಡಬೇಕು ಅಂತ ಹಟ ಹಿಡಿದಿದ್ದಾಳೆ. ನಾಳೆ ಎರಡು ಗಂಟೆಗೆ ಮುಚ್ಚಳ ಹಾಕ್ತಾರೆ."

ಬದಲಿಗೆ ಹೋಗುವವನ ಚೀಲ ಎಂದು ಕಟ್ಟಿದ್ದಕ್ಕೇ ಟೋಪಿ ಹೊರಗುಳಿದಿತ್ತು. ಸಾವಿನ ಮನೆಗೆ ಹೋಗುವವನ ಚೀಲ ಎಂದು ಕಟ್ಟಿದ್ದರೆ ತಲೆಯ ಮೇಲಿದ್ದದ್ದು ತಲೆಯ ಮೇಲೇ ಇರುತ್ತಿತ್ತು. ಅಂಚೆಗೆ ಹಾಕಿದರೆ ನಾಳೆಗೆ ತಲುಪುವುದಿಲ್ಲ. ಆರ್ವಿಲನಿಗೆ ಕಣ್ಣಿನ ಪೊರೆ, ಕಾರು ಬಿಟ್ಟು ಎರಡು ವರ್ಷವಾಗಿತ್ತು. ಅವನು ನನ್ನ ಬಳಿ ಬಂದು ನಿಂತ. ಟೋಪಿ ಅವನ ಕೈಯಲ್ಲಿತ್ತು.

"ಸರಿ ಮಾರಾಯ, ಬೆಳಿಗ್ಗೆ ಐದಕ್ಕೆ ಹೊರಡೋಣ," ಎಂದೆ.

ಋತುವಿನ ನಡುವೆ ಆರ್ವಿಲ್ ಬಟ್ಟೆಮನೆ ಬಿಟ್ಟು ಹೋದ ದಿನ ನನಗೆ ನೆನಪಿಲ್ಲ. ಟವೆಲ್ ನಾವೇ ಒಗೀತೀವಿ ಎಂದು ಹುಡುಗರು ಹೇಳಿದರು. ಒಗೆದು ಎಲ್ಲವನ್ನೂ ಗುಲಾಬಿ ಬಣ್ಣ ಮಾಡಿಟ್ಟಿದ್ದರು, ಅದು ಆಮೇಲಿನ ಕಥೆ. ಬೆಳಿಗ್ಗೆ ಐದಕ್ಕೆ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ನನ್ನ ಪಿಕಪ್ಪಿನಲ್ಲಿ ಕೂತ. ಟೋಪಿಗಳೆಲ್ಲ ಒಂದೇ ಥರ, ಅದಲುಬದಲಾದೀತು ಎಂದು ಆ ಕಿತ್ತ ಹೆಸರುಪಟ್ಟಿಯನ್ನು ಒಳಗಿನ ಅಂಚಿಗೆ ಅಂಟಿಸಿದ್ದ. ಬಟ್ಟೆಗೆ ಅದು ಹಿಡಿದುಕೊಂಡಿತ್ತು.

ಅಯೋವ ದಾಟುವವರೆಗೂ ಜೋಳ. ದಾಟಿದ ಮೇಲೂ ಜೋಳ. ಹನ್ನೊಂದು ಗಂಟೆಗೆ ಪೆಟ್ರೋಲ್ ಹಾಕಿಸುತ್ತಿದ್ದಾಗ ಮ್ಯಾನೇಜರ್ ಪೆಟ್ರಿಯ ಫೋನು ಬಂತು. ಆರ್ವಿಲನಿಗೂ ಕೇಳಲಿ ಎಂದು ಜೋರು ಮಾಡಿದೆ.

"ಬರ್ನೀಸ್, ಆ ಹುಡುಗ ಫೋನ್ ಎತ್ತುತ್ತಿಲ್ಲ."

"ಅಪ್ಪನ ಮಣ್ಣು ಮಾಡೋ ದಿನ ಯಾರು ಎತ್ತುತ್ತಾರೆ? ಏನು ವಿಷಯ?"

"ಮೇಲಿನವರು ಬೆಳಿಗ್ಗೆ ಅವನನ್ನ ಬದಲಿಗೆ ಕೊಟ್ಟರು. ವಾಂಡಿವರ್‌ನ ತಂದಿದ್ದಾರೆ."

ಕರ್ಟ್ ವಾಂಡಿವರ್. ಎಡಗೈ ಎಸೆತಗಾರ, ಮೂವತ್ತೆಂಟು ವರ್ಷ, ಎರಡು ಸಲ ಭುಜದ ಆಪರೇಷನ್ ಮಾಡಿಸಿಕೊಂಡವನು. ನಾನು ಪೆಟ್ರಿಗೆ ಹೇಳಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

"ನನ್ನ ಮೇಲೆ ಯಾಕಮ್ಮ ರೇಗ್ತೀಯ? ನಾನಾ ಕೊಟ್ಟಿದ್ದು?" ಎಂದ. "ನೀವೇನೂ ಹೇಳೋದು ಬೇಡ. ಮಣ್ಣು ಮುಗಿದ ಮೇಲೆ ನನಗೆ ಫೋನ್ ಮಾಡೋಕೆ ಹೇಳಿ, ಸಾಕು. ಆರ್ವಿಲ್‌ಗೂ ಹೇಳು, ಬಾಯಿ ಬಿಡಬೇಡ ಅಂತ."

ಅದು ಸುಲಭದ ದಾರಿ. ಟೋಪಿ ಕೊಟ್ಟು, ತಲೆ ಬಾಗಿಸಿ ನಿಂತು, ಊಟ ಮಾಡಿ ಬರಬಹುದು. ನಲವತ್ತು ಮೈಲಿ ಆರ್ವಿಲ್ ಟೋಪಿಯ ಅಂಚು ಸವರುತ್ತ ಕೂತ. ಕೊನೆಗೆ ನಾನೇ ಕೇಳಿದೆ.

"ಹೇಳ್ತೀಯೋ, ಸುಮ್ಮನಿರ್ತೀಯೋ?"

"ನಾನು ಯಾವತ್ತೂ ಹೇಳಿದವನಲ್ಲ. ಹೇಳೋದು ಮ್ಯಾನೇಜರ್ ಕೆಲಸ. ಕಟ್ಟೋದು ನನ್ನ ಕೆಲಸ."

"ಹಾಗಾದ್ರೆ ಸುಮ್ಮನಿರು."

"ಸುಮ್ಮನಿದ್ರೆ ಅವನು ತನ್ನ ಕೈಯಾರೆ ಇದನ್ನ ಅಪ್ಪನ ಕೈಗಿಡ್ತಾನೆ. ಮುಚ್ಚಳ ಹಾಕ್ತಾರೆ. ಸಂಜೆ ಗೊತ್ತಾಗುತ್ತೆ, ಇಡೋ ಹೊತ್ತಿಗೇ ಈ ಟೋಪಿಯವರು ಅವನನ್ನ ಕೊಟ್ಟುಬಿಟ್ಟಿದ್ರು ಅಂತ. ಆಮೇಲೆ ತೆಗೆಯೋಕಾಗುತ್ತಾ?" ಟೋಪಿಯನ್ನು ತಿರುಗಿಸಿದ, ಮತ್ತೆ ತಿರುಗಿಸಿದ. "ನನಗೆ ಗೊತ್ತಿತ್ತು ಅಂತಾನೂ ಅವನಿಗೆ ಗೊತ್ತಾಗುತ್ತೆ."

"ಹೇಳಿದ್ರೆ?"

"ಹೇಳಿದ್ರೆ ಅವರಮ್ಮನಿಗೆ ಇಡೋಕೆ ಏನೂ ಇರಲ್ಲ."

ಗಾಡಿ ಓಡಿಸಿದೆ.

ಡೋರ್ನಿಕ್ ಎಂಬ ಆ ಊರಿನಲ್ಲಿ ಒಂದು ಚರ್ಚು, ಒಂದು ಧಾನ್ಯದ ಗೋಪುರ, ಮಧ್ಯೆ ಒಂದು ಬೀದಿ. ನಾವು ತಲುಪಿದಾಗ ಒಂದೂಕಾಲು. ಚರ್ಚಿನ ಕೆಳಗಿನ ಹಜಾರದಿಂದ ಕಾಫಿ ಮತ್ತು ಹಣ್ಣಿನ ಬನ್ನುಗಳ ವಾಸನೆ ಬರುತ್ತಿತ್ತು. ಹಸಿವಾಗಿತ್ತು. ಅಂಥ ಹೊತ್ತಿನಲ್ಲೂ ಹಸಿವಾಗಿದ್ದಕ್ಕೆ ನನಗೆ ನಾಚಿಕೆಯಾಯಿತು. ಎಮೆಟ್ ಮೆಟ್ಟಿಲ ಮೇಲೆ ಯಾರದ್ದೋ ಕೋಟು ತೊಟ್ಟು ನಿಂತಿದ್ದ, ತೋಳು ಗಿಡ್ಡವಾಗಿತ್ತು. ಆರ್ವಿಲನ ಕೈಯಲ್ಲಿದ್ದ ಟೋಪಿ ನೋಡಿ ಇಳಿದು ಬಂದ.

"ಅಜ್ಜಾ, ಅಷ್ಟು ದೂರದಿಂದ ಬಂದ್ರಾ?" ಎಂದು ಕೈ ಚಾಚಿದ.

ಆರ್ವಿಲ್ ಕೊಡಲಿಲ್ಲ. ಎರಡೂ ಕೈಯಲ್ಲಿ ಹಿಡಿದುಕೊಂಡೇ ನಿಂತ. ಹುಡುಗನ ಮುಖವನ್ನೇ ನೋಡುತ್ತಿದ್ದ. ಪೊರೆ ಬಂದ ಆ ಕಣ್ಣಿಗೆ ಎಷ್ಟು ಕಂಡಿತೋ ಗೊತ್ತಿಲ್ಲ.

"ಎಮೆಟ್," ಎಂದ.

ನಾನು ಬೆಚ್ಚಿಬಿದ್ದೆ. ಹುಡುಗನೂ.

"ಎಮೆಟ್, ಆವತ್ತು ನಾನು ಅಂದದ್ದಕ್ಕೆ ಕ್ಷಮಿಸು. ನೀನು ಹೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ. ಇನ್ನೊಂದು ವಿಷಯ. ಇವತ್ತು ಬೆಳಿಗ್ಗೆ ನಿನ್ನನ್ನ ನಿಜವಾಗ್ಲೂ ಬದಲಿಗೆ ಕೊಟ್ಟರು. ಪೆಟ್ರಿ ಹೇಳಬೇಡ ಅಂದ. ಇದನ್ನ ನೀನು ಒಳಗಿಡೋ ಮುಂಚೆ ನಿನಗೆ ಗೊತ್ತಿರಬೇಕು."

ಬದಲಿಗೆ ಹೋಗುವ ಎಲ್ಲರೂ ಮೊದಲು ಕೇಳುವುದನ್ನೇ ಹುಡುಗ ಕೇಳಿದ.

"ಯಾರನ್ನ ತಗೊಂಡ್ರು?"

"ವಾಂಡಿವರ್‌ನ."

ಎಮೆಟ್ ನಕ್ಕ. ಚರ್ಚಿನ ಮೆಟ್ಟಿಲಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ. "ಅಪ್ಪನ ಲಾರೀಲಿ ಅವನ ಫೋಟೋ ಇದೆ ಅಜ್ಜಾ. ಗೇರಿನ ಪಕ್ಕದಲ್ಲೇ. ನನ್ನ ಮಗನನ್ನ ಕೊಟ್ಟು ವಾಂಡಿವರ್‌ನ ತಗೊಂಡ್ರು ಅಂತ ಊರೆಲ್ಲ ಸಾರಿಕೊಂಡು ಬರ್ತಿದ್ರು. ಮೂರು ದಿನ. ಇನ್ನು ಮೂರೇ ದಿನ ಇರಬಾರದಿತ್ತಾ?" ನಗು ಅಲ್ಲಿಗೆ ನಿಂತಿತು. ಅವನು ಅಳಲಿಲ್ಲ, ಸುಮ್ಮನೆ ಬಾಯಿ ತೆರೆದುಕೊಂಡು ನಿಂತ. ಅಳು ನನಗೆ ಬಂತು.

ತಾಯಿ ಮಾರ್ಸೆಲಾ ಬಾಗಿಲಿಗೆ ಬಂದಳು. ಗಟ್ಟಿ ಹೆಂಗಸು, ಕೈಗಳು ಲಾಂಡ್ರಿಯಲ್ಲಿ ದುಡಿದವರ ಕೈ. ಏನಾಯಿತೆಂದು ಕೇಳಿದಳು. ಮಗ ಹೇಳಿದ.

"ಹಾಗಾದ್ರೆ ಈ ಟೋಪಿ ನಿಂದಲ್ವಾ?"

"ಯಾವತ್ತೂ ನಂದಲ್ಲಮ್ಮ. ತಂಡದ್ದು."

ಅವಳು ಅದನ್ನು ಆರ್ವಿಲನಿಂದ ತೆಗೆದುಕೊಂಡು ತಿರುಗಿಸಿ ನೋಡಿದಳು. ಒಳಗಿನ ಅಂಚಿನ ಬಿಳಿ ಪಟ್ಟಿಯ ಮೇಲೆ ಆರ್ವಿಲನ ದಪ್ಪ ಅಕ್ಷರಗಳು. "ಸೊಬೋಟ್ಕ," ಎಂದು ಓದಿದಳು. "ಇದನ್ನ ಯಾರು ಬರೆದದ್ದು?"

"ನಾನೇ ಬರೆದದ್ದಮ್ಮ. ಅವನ ಲಾಕರಿನ ಮೇಲೆ ಇತ್ತು. ಆವತ್ತು ನಾನೇ ಕಿತ್ತೆ."

"ಇದೂ ತಂಡದ್ದಾ?"

ಆರ್ವಿಲ್ ಪಟ್ಟಿಯನ್ನೇ ನೋಡಿದ. "ಅಲ್ಲಮ್ಮ. ಇದು ಯಾರದ್ದೂ ಅಲ್ಲ. ನಾನು ಕಸಕ್ಕೆ ಹಾಕ್ತಿದ್ದೆ."

ಮಾರ್ಸೆಲಾ ಉಗುರಿನಿಂದ ಮೂಲೆ ಬಿಡಿಸಿ ಪಟ್ಟಿಯನ್ನು ಮೆಲ್ಲಗೆ ಎಬ್ಬಿಸಿದಳು, ಹರಿಯದ ಹಾಗೆ. "ಇದು ಇವನ ಅಪ್ಪನ ಹೆಸರು ಕಣಪ್ಪ," ಎಂದಳು. "ಇವನಿಗೆ ಕೊಟ್ಟವರೇ ಅವರು." ಟೋಪಿಯನ್ನು ಆರ್ವಿಲನಿಗೆ ವಾಪಸ್ ಕೊಟ್ಟಳು. "ಇದನ್ನ ತಂಡದವರಿಗೆ ಹಿಂದಕ್ಕೆ ಕೊಟ್ಟುಬಿಡಿ. ಎಣಿಸಿಟ್ಟಿರ್ತಾರೆ."

ಒಳಗೆ ಹೋಗಿ ಗಂಡನ ಕೋಟಿನ ಎಡಗಡೆ, ಜೇಬಿನ ಮೇಲೆ ಅದನ್ನು ಅಂಟಿಸಿದಳು. ನಿಲ್ಲಲಿಲ್ಲ. ಅಂಗೈಯಿಂದ ಒತ್ತಿದಳು. ಮತ್ತೆ ಮೂಲೆ ಎದ್ದಿತು. ಅವಳು ಒತ್ತಿಕೊಂಡೇ ನಿಂತಳು, ಮುಚ್ಚಳ ಹಾಕುವವರು ಕೈ ತೆಗೆಯಿರಿ ಎಂದು ಎರಡು ಸಲ ಹೇಳುವವರೆಗೂ.

ಮಣ್ಣು ಮುಗಿದು, ಊಟ ಮುಗಿದ ಮೇಲೆ ಎಮೆಟ್ ಪೆಟ್ರಿಗೆ ಫೋನು ಮಾಡಿದ. ಹೊಸ ತಂಡ ಮರುದಿನ ಬೆಳಿಗ್ಗೆಯ ವಿಮಾನಕ್ಕೆ ಬರಹೇಳಿತ್ತು. ಆರ್ವಿಲ್ ಅವರ ಮನೆಗೆ ಹೋಗಿ, ಹುಡುಗನ ಕೋಣೆಯಲ್ಲಿ ಮಂಡಿಯೂರಿ ಚೀಲ ಕಟ್ಟಿದ. ಶೂ ತಳದಲ್ಲಿ, ಕೈಗವಸಿನೊಳಗೆ ಚೆಂಡು. ಲಾರಿಯಿಂದ ತಂದ ವಾಂಡಿವರನ ಫೋಟೋ ಎರಡು ಅಂಗಿಗಳ ನಡುವೆ. ಹೊರಗೆ ಎತ್ತಿಡಲು ಏನೂ ಇರಲಿಲ್ಲ.

ವಾಪಸಾಗುವಾಗ ಟೋಪಿ ನಮ್ಮಿಬ್ಬರ ನಡುವೆ ಸೀಟಿನ ಮೇಲಿತ್ತು. ಗಡಿ ದಾಟುವವರೆಗೆ ಅವನು ಕಿಟಕಿಯ ಕಡೆ ಮುಖ ಮಾಡಿದ್ದ. ಬಿಸಿಲು ಇನ್ನೂ ಜೋಳದ ಮೇಲಿತ್ತು.

"ಬರ್ನಿ, ಚೀಲ ಕೊಡುವಾಗ ನಾನು ಏನಂದೆ?"

"ಹುಷಾರಾಗಿ ಹೋಗು ಎಮೆಟ್ ಅಂದೆ."

"ಆ ಮಾತು ಹೇಳಲಿಲ್ಲ ತಾನೇ? ಯಾರಿಗೋ ಬೇಕಾಗಿದ್ದೀಯ ಅಂತ?"

"ಇಲ್ಲ."

"ಊಟದ್ದು?"

"ಅದೂ ಇಲ್ಲ."

ಅವನು ತಲೆಯಾಡಿಸಿದ. ಆಮೇಲೆ, ನನಗಲ್ಲ, ಕಿಟಕಿಗೆ ಹೇಳಿದ: "ನನಗೆ ಅದನ್ನ ಯಾರೂ ಹೇಳಿರಲಿಲ್ಲ. ಅದಕ್ಕೇ ಎಲ್ಲರಿಗೂ ಹೇಳ್ತಿದ್ದೆ."